ಹುದ್ದೆ ಹೋದ ಮೇಲೆ ಉಳಿಯುವವನು

ಬೈಯಪ್ಪನಹಳ್ಳಿಯಲ್ಲಿ ವಿದ್ಯುತ್ ಪರಿವರ್ತಕಗಳನ್ನೂ ಮೋಟಾರುಗಳನ್ನೂ ತಯಾರಿಸುತ್ತಿದ್ದ ಎನ್.ಜಿ.ಇ.ಎಫ್. ಕಾರ್ಖಾನೆಯು 2002ರಲ್ಲಿ ಮುಚ್ಚಿತು. ಕೆಲಸ ಹೋದವನಿಗೆ ಸಂಬಳದೊಡನೆ, ತಾನು ಇಂಥವನೆಂದು ಹೇಳಿಕೊಳ್ಳುವ ಆಧಾರವೂ ತಪ್ಪುವುದು. ಹಾಗಾದರೆ ವ್ಯಕ್ತಿತ್ವವೆಂಬುದು ಯಾವುದು?

ತೈತ್ತಿರೀಯೋಪನಿಷತ್ತು ಮನುಷ್ಯನಲ್ಲಿ ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯಗಳನ್ನು ಒಂದರೊಳಗೊಂದಾಗಿ ಕಾಣಿಸುತ್ತದೆ. ಹುದ್ದೆಯ ಹೆಮ್ಮೆ, ಅದು ಹೋದ ಅಳಲು, ಇವೆರಡೂ ಮನೋಮಯಕ್ಕೆ ಸೇರಿದುವೆಂದು ನಾವು ತಿಳಿಯುತ್ತೇವೆ. ಅದಕ್ಕೂ ಒಳಗಿನ ವಿಜ್ಞಾನಮಯವನ್ನು ಹಕ್ಕಿಯಂತೆ ಚಿತ್ರಿಸಿ, ಶ್ರದ್ಧೆಯೇ ಅದರ ತಲೆ, ಋತಸತ್ಯಗಳೇ ರೆಕ್ಕೆಗಳು ಎನ್ನುತ್ತದೆ. ಅಳತೆ ತಪ್ಪದಂತೆ ತಂತಿ ಸುತ್ತಿದವನ ನಿಷ್ಠೆಯು ಇಲ್ಲಿಯದು. ಕಾರ್ಖಾನೆಯ ಬೀಗವು ಅದನ್ನು ಮುಟ್ಟಲಾರದು.

ಹಸಿದವನಿಗೆ ಇದು ಒಣ ವೇದಾಂತವೆನ್ನುವಿರಾ? ಬೇರೆ ಕೆಲಸವನ್ನು ಹುಡುಕುವುದನ್ನು ನಾವು ಈ ಸಾಧನೆಯ ಹೊರಗಿಡುವುದಿಲ್ಲ. ಉಪನಿಷತ್ತು ಅನ್ನದಿಂದಲೇ ಮೊದಲುಮಾಡಿದೆ. ಅನ್ನವನ್ನು ನಿಂದಿಸಬಾರದೆಂದೂ ವಿಧಿಸಿದೆ.