ಚಿತ್ರಗಳ ಕಣಜ ಎಷ್ಟು ಭದ್ರ?

ನಮ್ಮ ಮಿತ್ರರೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ತಂದೆಯವರಿಗೆ ಸಹಸ್ರ ಚಂದ್ರದರ್ಶನ ಶಾಂತಿಯನ್ನು ನೆರವೇರಿಸಿದರು. ಎರಡು ದಿನಗಳ ಸಮಾರಂಭ. ದೂರದ ಊರುಗಳಿಂದ ಬಂಧುಬಾಂಧವರೆಲ್ಲ ಬಂದು ಸೇರಿದ್ದರು. ಮಿತ್ರರು ತಾವೇ ಡಿಜಿಟಲ್ ಕ್ಯಾಮರಾ ಹಿಡಿದು ಸುಮಾರು 1,200 ಚಿತ್ರಗಳನ್ನು ತೆಗೆದರು. ಅದಕ್ಕೆಂದೇ 128 ಗಿಗಾಬೈಟಿನ ಹೊಸ ಮೆಮೊರಿ ಕಾರ್ಡೊಂದನ್ನು ಅಗ್ಗದ ಬೆಲೆಗೆ ಕೊಂಡು ತಂದಿದ್ದರು. ಸಮಾರಂಭ ಮುಗಿದ ಮೇಲೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ, ಮೊದಲ ದಿನದ ಚಿತ್ರಗಳೂ ಎರಡನೆಯ ದಿನ ಬೆಳಗ್ಗೆ ತೆಗೆದ ಕೆಲವೂ ಸರಿಯಾಗಿಯೇ ಇದ್ದವು. ಮುಂದಿನವುಗಳ ಹೆಸರು, ಸಂಖ್ಯೆ, ದಿನಾಂಕಗಳೆಲ್ಲ ಕ್ರಮವಾಗಿ ಕಂಡರೂ ತೆರೆದಾಗ ದೊರೆತದ್ದು ಬರಿಯ ಬೂದುಬಣ್ಣದ ಪಟ್ಟಿಗಳು. ಮೊಮ್ಮಕ್ಕಳು ಅಜ್ಜನಿಗೆ ಆರತಿ ಎತ್ತಿದ ದೃಶ್ಯ, ಮನೆಯವರೆಲ್ಲ ಒಟ್ಟಿಗೆ ನಿಂತ ಚಿತ್ರ, ಎಲ್ಲವೂ ಆ ಪಟ್ಟಿಗಳಲ್ಲಿ ಲೀನವಾಗಿದ್ದವು. ಆರು ತಿಂಗಳು ಕಳೆಯುವುದರೊಳಗೆ ಆ ಹಿರಿಯರು ತೀರಿಕೊಂಡರು.

ಹೀಗಾದುದು ಏಕೆ? ಹೀಗಾಗದಂತೆ ಕಾರ್ಡನ್ನು ಆರಿಸುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಕಾರ್ಡಿನ ಮೇಲೆ ಅಚ್ಚಾದ ಅಂಕೆಗಳನ್ನು ಮಾತ್ರ ನೋಡಿ ಉತ್ತರ ಹೇಳುವಂತಿಲ್ಲ. ಒಳಗೆ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು.

ಒಳಗಿನ ಹಗೇವು

ಇಂದು ಬಹುತೇಕ ಕ್ಯಾಮರಾಗಳಲ್ಲಿ ಬಳಕೆಯಾಗುವ ಎಸ್‌ಡಿ ಕಾರ್ಡಿನ ಉದ್ದ 32 ಮಿಲಿಮೀಟರು, ಅಗಲ 24 ಮಿಲಿಮೀಟರು, ದಪ್ಪ 2.1 ಮಿಲಿಮೀಟರು. ತೂಕ ಸುಮಾರು ಎರಡು ಗ್ರಾಂ. ಈ ಅಂಗೈಯಗಲವೂ ಇಲ್ಲದ ಬಿಲ್ಲೆಯೊಳಗೆ ಶತಕೋಟಿಗಟ್ಟಲೆ ಕೋಶಗಳಿರುತ್ತವೆ. ಒಂದೊಂದು ಕೋಶವೂ ವಿದ್ಯುತ್ಕಣಗಳನ್ನು, ಎಂದರೆ ಎಲೆಕ್ಟ್ರಾನುಗಳನ್ನು, ಕೂಡಿಡುವ ಒಂದು ಪುಟ್ಟ ಹಗೇವು.

ನಮ್ಮ ರೈತರು ನೆಲದೊಳಗೆ ಗುಂಡಿ ತೋಡಿ, ಧಾನ್ಯ ತುಂಬಿ, ಬಾಯಿಗೆ ಮಣ್ಣು ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದುದನ್ನು ವಾಚಕರು ಬಲ್ಲರು. ಕಾರ್ಡಿನ ಕೋಶದಲ್ಲಿಯೂ ಹಾಗೆಯೇ. ಎಲೆಕ್ಟ್ರಾನುಗಳನ್ನು ಹಿಡಿದಿಡುವ ಒಂದು ಪುಟ್ಟ ದ್ವೀಪ. ಅದರ ಸುತ್ತ ವಿದ್ಯುತ್ತು ಹರಿಯದ ಸಿಲಿಕಾನ್ ಡೈಆಕ್ಸೈಡಿನ ಗೋಡೆ. ಇದು ಮರಳಿನಲ್ಲಿಯೂ ಗಾಜಿನಲ್ಲಿಯೂ ಇರುವ ವಸ್ತುವೇ. ಎಲೆಕ್ಟ್ರಾನುಗಳು ಒಳಹೋಗುವ ಕಡೆಯಲ್ಲಿ ಆ ಗೋಡೆಯ ದಪ್ಪ ನಮ್ಮ ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಸುಮಾರು 20 ವೋಲ್ಟುಗಳ ಒತ್ತಡವನ್ನು ಕೊಟ್ಟಾಗ ಎಲೆಕ್ಟ್ರಾನುಗಳು ಆ ಗೋಡೆಯನ್ನು ಹಾದು ಒಳಸೇರುತ್ತವೆ. ಒತ್ತಡವನ್ನು ತೆಗೆದರೆ ಹೊರಬರಲಾರದೆ ಅಲ್ಲಿಯೇ ನಿಲ್ಲುತ್ತವೆ. ಆದುದರಿಂದಲೇ ಕ್ಯಾಮರಾದ ಬ್ಯಾಟರಿಯನ್ನು ತೆಗೆದಿಟ್ಟರೂ ಚಿತ್ರ ಅಳಿಯುವುದಿಲ್ಲ. ಇತ್ತೀಚಿನ ಅನೇಕ ಕಾರ್ಡುಗಳಲ್ಲಿ ಈ ದ್ವೀಪದ ಬದಲು ಸಿಲಿಕಾನ್ ನೈಟ್ರೈಡಿನ ಪದರವೊಂದು ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ. ತತ್ತ್ವ ಮಾತ್ರ ಅದೇ.

ಈ ಬಗೆಯ ಕೋಶವನ್ನು 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡಾವೊನ್ ಕಾಂಗ್ ಮತ್ತು ಸೈಮನ್ ಜೀ ಎಂಬ ವಿಜ್ಞಾನಿಗಳು ಮೊದಲು ರೂಪಿಸಿದರು. ಮುಂದೆ 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫ್ಯೂಜಿಯೊ ಮಸುಓಕ ಅವರು ಕೋಶಗಳನ್ನು ಗುಂಪುಗುಂಪಾಗಿ ಒಮ್ಮೆಗೇ ಅಳಿಸಬಲ್ಲ ಉಪಾಯವನ್ನು ಕಂಡುಹಿಡಿದರು. ಕ್ಯಾಮರಾದ ಮಿಂಚುದೀಪ ಹೊತ್ತಿ ಆರುವಂತೆ ಕ್ಷಣದಲ್ಲಿ ಎಲ್ಲ ಅಳಿಯುವುದನ್ನು ಕಂಡು ಅವರ ಸಹೋದ್ಯೋಗಿಯೊಬ್ಬರು ಇದಕ್ಕೆ ‘ಫ್ಲ್ಯಾಶ್’ ಎಂಬ ಹೆಸರನ್ನು ಸೂಚಿಸಿದರು. ಕ್ಯಾಮರಾದಿಂದ ಹೆಸರು ಪಡೆದ ಸಾಧನ ಕೊನೆಗೆ ಕ್ಯಾಮರಾದೊಳಗೇ ಬಂದು ಕುಳಿತದ್ದು ಒಂದು ಸೋಜಿಗ. ಎಸ್‌ಡಿ ಕಾರ್ಡು ಬಂದದ್ದು 1999ರಲ್ಲಿ.

ಸವೆತ ಮತ್ತು ಸೋರಿಕೆ

ಹಗೇವಿನ ಬಾಯನ್ನು ಪದೇ ಪದೇ ತೆರೆದು ಮುಚ್ಚಿದರೆ ಅಂಚಿನ ಮಣ್ಣು ಕುಸಿಯುವುದು ಸಹಜ. ಎಲೆಕ್ಟ್ರಾನುಗಳು ಬಲವಂತವಾಗಿ ಹಾದುಹೋಗುವ ಪ್ರತಿಯೊಂದು ಸಲವೂ ಗೋಡೆ ಕಿಂಚಿತ್ತಾದರೂ ಸವೆಯುತ್ತದೆ. ಆದುದರಿಂದ ಪ್ರತಿಯೊಂದು ಕೋಶಕ್ಕೂ ಬರೆದು ಅಳಿಸುವುದರ ಲೆಕ್ಕದಲ್ಲಿ ಒಂದು ಆಯುಸ್ಸು ಉಂಟು.

ಈ ಆಯುಸ್ಸು ಕೋಶವನ್ನು ಬಳಸುವ ರೀತಿಯನ್ನು ಅವಲಂಬಿಸಿದೆ. ಹಗೇವು ತುಂಬಿದೆಯೋ ಬರಿದಾಗಿದೆಯೋ ಎಂಬುದಿಷ್ಟನ್ನೇ ನೋಡಿದರೆ ತಪ್ಪುವ ಸಂಭವ ಕಡಿಮೆ. ಒಂದು ಕೋಶದಲ್ಲಿ ಒಂದೇ ಬಿಟ್ಟನ್ನು ಇಡುವ ಕ್ರಮ ಇದು. ಇದರಲ್ಲಿ ಕೋಶ ಸುಮಾರು ಒಂದು ಲಕ್ಷ ಸಲ ಬರೆದು ಅಳಿಸುವುದನ್ನು ತಾಳುತ್ತದೆ. ಎರಡು ಬಿಟ್ಟುಗಳನ್ನು ಇಡಬೇಕಾದರೆ ನಾಲ್ಕು ಮಟ್ಟಗಳನ್ನೂ, ಮೂರನ್ನು ಇಡಬೇಕಾದರೆ ಎಂಟು ಮಟ್ಟಗಳನ್ನೂ, ನಾಲ್ಕನ್ನು ಇಡಬೇಕಾದರೆ ಹದಿನಾರು ಮಟ್ಟಗಳನ್ನೂ ಗುರುತಿಸಬೇಕು. ಅದೇ ಜಾಗದಲ್ಲಿ ಹೆಚ್ಚು ಚಿತ್ರಗಳು ಹಿಡಿಯುತ್ತವೆ, ಬೆಲೆ ಇಳಿಯುತ್ತದೆ. ಆದರೆ ಸೊಲಿಗೆಯಷ್ಟು ಧಾನ್ಯ ಸೋರಿದರೂ ಲೆಕ್ಕ ತಪ್ಪುತ್ತದೆ. ಎರಡು ಬಿಟ್ಟಿನ ಕೋಶಗಳ ತಾಳಿಕೆ ಸಾವಿರಗಳಿಗೆ ಇಳಿಯಿತು. ಮೂರು, ನಾಲ್ಕು ಬಿಟ್ಟಿನವುಗಳದು ಇನ್ನೂ ಕಡಿಮೆ.

ಇದನ್ನು ಕೇಳಿ ಗಾಬರಿಯಾಗಬೇಕಾದ ಕಾರಣವಿಲ್ಲ. ತಿಂಗಳಿಗೊಮ್ಮೆ ಕಾರ್ಡು ತುಂಬಿಸಿ ಬರಿದುಮಾಡುವವರಿಗೆ ಹತ್ತು ವರ್ಷಗಳಲ್ಲಿ ಆಗುವುದು 120 ಸಲ ಮಾತ್ರ. ಸವೆತಕ್ಕಿಂತ ಹೆಚ್ಚು ಯೋಚಿಸತಕ್ಕದ್ದು ಸೋರಿಕೆ. ಎಷ್ಟು ಭದ್ರವಾದ ಗೋಡೆಯಾದರೂ ಕಾಲಕ್ರಮದಲ್ಲಿ ಎಲೆಕ್ಟ್ರಾನುಗಳು ಒಂದೊಂದಾಗಿ ಜಾರಿಹೋಗುತ್ತವೆ. ಸೆಕೆ ಹೆಚ್ಚಿದಷ್ಟೂ ಈ ಸೋರಿಕೆ ಬಿರುಸು. ಸವೆದ ಕೋಶದಲ್ಲಿ ಮತ್ತೂ ಬಿರುಸು. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕಾರ್ಡನ್ನು ಬಿಟ್ಟುಹೋಗುವುದಾಗಲಿ, ಮದುವೆಯ ಚಿತ್ರಗಳನ್ನು ಕಾರ್ಡಿನಲ್ಲಿಯೇ ಉಳಿಸಿ ಹತ್ತಾರು ವರ್ಷ ಬೀರುವಿನಲ್ಲಿಡುವುದಾಗಲಿ ವಿವೇಕವಲ್ಲ.

ಕಾರ್ಡಿನ ಶಾನುಭೋಗ

ಕೋಶಗಳ ಜೊತೆಗೆ ಕಾರ್ಡಿನೊಳಗೆ ಇನ್ನೊಂದು ಭಾಗವುಂಟು. ಅದು ನಿಯಂತ್ರಕ. ಹಿಂದಿನ ಕಾಲದಲ್ಲಿ ಊರಿನ ಜಮೀನಿನ ಲೆಕ್ಕವನ್ನೆಲ್ಲ ಶಾನುಭೋಗರು ಬರೆದಿಡುತ್ತಿದ್ದಂತೆ, ಯಾವ ಚಿತ್ರದ ಯಾವ ಭಾಗ ಯಾವ ಕೋಶಗಳಲ್ಲಿದೆ ಎಂಬ ಲೆಕ್ಕವನ್ನು ಇಡುವುದು ಇದರ ಕೆಲಸ. ಒಂದೇ ಕೋಶ ಬೇಗ ಸವೆಯದಂತೆ ಕೆಲಸವನ್ನು ಎಲ್ಲಕ್ಕೂ ಸಮನಾಗಿ ಹಂಚುವುದು, ಕೆಟ್ಟವನ್ನು ಗುರುತಿಸಿ ಬಿಟ್ಟುಬಿಡುವುದು, ಓದುವಾಗ ತಲೆದೋರುವ ಸಣ್ಣಪುಟ್ಟ ತಪ್ಪುಗಳನ್ನು ತಿದ್ದುವುದು, ಇವೂ ಅದರ ಹೊಣೆಯೇ. ಒಳ್ಳೆಯ ಕಾರ್ಡಿಗೂ ಕಳಪೆ ಕಾರ್ಡಿಗೂ ಇರುವ ಅಂತರ ಕೋಶಗಳಲ್ಲಿ ಎಷ್ಟಿದೆಯೋ ಈ ಶಾನುಭೋಗನ ಪ್ರಾಮಾಣಿಕತೆಯಲ್ಲಿಯೂ ಅಷ್ಟೇ ಇದೆ.

ಮೋಸ ನಡೆಯುವುದೂ ಇಲ್ಲಿಯೇ. 8 ಎಕರೆ ಇರುವ ಊರಿಗೆ 128 ಎಕರೆ ಎಂದು ಸುಳ್ಳು ಲೆಕ್ಕ ಬರೆಯುವಂತೆ, 8 ಗಿಗಾಬೈಟಿನ ಕಾರ್ಡಿನ ನಿಯಂತ್ರಕವನ್ನು ತಿದ್ದಿ, ತನ್ನಲ್ಲಿ 128 ಗಿಗಾಬೈಟಿದೆ ಎಂದು ಕ್ಯಾಮರಾಕ್ಕೂ ಕಂಪ್ಯೂಟರಿಗೂ ಹೇಳುವಂತೆ ಮಾಡುತ್ತಾರೆ. ಮೇಲೆ ಹೆಸರಾಂತ ಸಂಸ್ಥೆಯ ಚೀಟಿಯನ್ನೂ ಅಂಟಿಸುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಬಂದ ಚಿತ್ರಗಳು ಎಲ್ಲಿಯೂ ಬರೆಯಲ್ಪಡುವುದಿಲ್ಲ. ಇಲ್ಲವೇ ಹಳೆಯವುಗಳ ಮೇಲೆಯೇ ಬರೆಯಲ್ಪಟ್ಟು ಎರಡೂ ಕೆಡುತ್ತವೆ. ಚಿತ್ರಗಳ ಹೆಸರಿನ ಪಟ್ಟಿ ಮಾತ್ರ ಕಾರ್ಡಿನ ಮೊದಲ ಭಾಗದಲ್ಲಿ ಸುರಕ್ಷಿತವಾಗಿರುವುದರಿಂದ ಎಲ್ಲವೂ ಇದೆಯೆಂಬ ಭ್ರಮೆ ಉಂಟಾಗುತ್ತದೆ. ತೆಗೆದ ಕೂಡಲೆ ಕ್ಯಾಮರಾದ ಪರದೆಯ ಮೇಲೆ ಚಿತ್ರ ಕಂಡಿತಲ್ಲ ಎಂದು ಮಿತ್ರರು ಕೇಳಿದ್ದರು. ಆಗ ಕಾಣುವುದು ಕ್ಯಾಮರಾದ ತಾತ್ಕಾಲಿಕ ಸ್ಮೃತಿಯಲ್ಲಿರುವ ಪ್ರತಿ. ಅದು ಕಾರ್ಡಿಗೆ ತಲುಪಿತೆಂಬುದಕ್ಕೆ ಸಾಕ್ಷಿಯಲ್ಲ.

ಮಿತ್ರರ ಕಾರ್ಡಿನಲ್ಲಿ ಉಳಿದ ಚಿತ್ರಗಳನ್ನು ಎಣಿಸಿ ನೋಡಿದೆವು. ಸುಮಾರು 800. ಒಂದೊಂದೂ ಹೆಚ್ಚುಕಡಿಮೆ 10 ಮೆಗಾಬೈಟು. ಗುಣಿಸಿದರೆ 8 ಗಿಗಾಬೈಟು! ಕಾರ್ಡಿನ ನಿಜವಾದ ಹೊಟ್ಟೆ ಎಷ್ಟೆಂಬುದು ಹೊರಬಿತ್ತು.

ಪರೀಕ್ಷೆಯೇ ಪ್ರಮಾಣ

ಇಂಥ ಮೋಸವನ್ನು ಕಣ್ಣಿನಿಂದ ಕಂಡುಹಿಡಿಯುವುದು ಕಷ್ಟ; ಪರೀಕ್ಷಿಸಿ ಕಂಡುಹಿಡಿಯುವುದು ಸುಲಭ. ಕಾರ್ಡನ್ನು ಗೊತ್ತಿರುವ ವಿಷಯದಿಂದ ಅಂಚಿನವರೆಗೂ ತುಂಬಿ, ಮತ್ತೆ ಓದಿ, ಬರೆದದ್ದೇ ಬಂದಿತೆ ಎಂದು ತಾಳೆ ನೋಡಿದರಾಯಿತು. ಎಚ್‌-ಟು-ಟೆಸ್ಟ್‌-ಡಬ್ಲ್ಯು, ಎಫ್‌-ತ್ರೀ ಎಂಬ ತಂತ್ರಾಂಶಗಳು ಈ ಕೆಲಸವನ್ನು ತಾವಾಗಿಯೇ ಮಾಡುತ್ತವೆ. ಇವುಗಳಿಗೆ ಹಣ ಕೊಡಬೇಕಾಗಿಲ್ಲ. ಸೆಕೆಂಡಿಗೆ 30 ಮೆಗಾಬೈಟಿನಂತೆ ಬರೆದರೆ 64 ಗಿಗಾಬೈಟಿನ ಕಾರ್ಡು ತುಂಬಲು ಬೇಕಾಗುವುದು ಸುಮಾರು 36 ನಿಮಿಷ. ಓದಲು ಇನ್ನೂ ಕಡಿಮೆ. ಹೊಸ ಕಾರ್ಡನ್ನು ಈ ಪರೀಕ್ಷೆ ಮಾಡದೆ ಯಾವ ಶುಭಕಾರ್ಯಕ್ಕೂ ಒಯ್ಯಬಾರದು. ಅಧಿಕೃತ ಮಾರಾಟಗಾರರಿಂದ ರಸೀದಿ ಪಡೆದು ಕೊಳ್ಳುವುದೂ, ಪೇಟೆಯ ಬೆಲೆಗಿಂತ ತೀರ ಅಗ್ಗವಾದುದನ್ನು ಶಂಕಿಸುವುದೂ ಅಗತ್ಯ. ಆದರೆ ಅವು ಪರೀಕ್ಷೆಯ ಸ್ಥಾನವನ್ನು ತುಂಬಲಾರವು.

ಇಲ್ಲಿ ಒಂದು ಎಚ್ಚರಿಕೆ. 64 ಗಿಗಾಬೈಟಿನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಾಗ ಅನೇಕ ವೇಳೆ ಸುಮಾರು 59.6 ಎಂದು ಕಾಣುತ್ತದೆ. ಇದು ಮೋಸವಲ್ಲ. ತಯಾರಕರು ನೂರು ಕೋಟಿ ಬೈಟುಗಳನ್ನು ಒಂದು ಗಿಗಾಬೈಟೆಂದು ಎಣಿಸಿದರೆ, ಕೆಲವು ಕಂಪ್ಯೂಟರುಗಳು 107 ಕೋಟಿ ಚಿಲ್ಲರೆ ಬೈಟುಗಳನ್ನು ಒಂದೆಂದು ಎಣಿಸುತ್ತವೆ. ಸೇರಿನ ಅಳತೆ ಊರೂರಿಗೆ ಬೇರೆ ಇದ್ದಂತೆ.

ಅಂಕೆಗಳ ಅರ್ಥ

ಇನ್ನು ಕಾರ್ಡಿನ ಮೇಲಿನ ಗುರುತುಗಳನ್ನು ನೋಡೋಣ. 2 ಗಿಗಾಬೈಟಿನವರೆಗೆ ಎಸ್‌ಡಿ, ಅಲ್ಲಿಂದ 32ರವರೆಗೆ ಎಸ್‌ಡಿಎಚ್‌ಸಿ, ಅದರ ಮೇಲೆ ಎರಡು ಟೆರಾಬೈಟಿನವರೆಗೆ ಎಸ್‌ಡಿಎಕ್ಸ್‌ಸಿ ಎಂಬ ಹೆಸರುಗಳು. ಹಳೆಯ ಕ್ಯಾಮರಾಗಳು ದೊಡ್ಡ ಕಾರ್ಡುಗಳನ್ನು ಗುರುತಿಸದೆ ಹೋಗಬಹುದು. ಕೈಪಿಡಿಯನ್ನು ನೋಡಿಯೇ ಕೊಳ್ಳಬೇಕು.

ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ವೇಗ ಸಾಮಾನ್ಯವಾಗಿ ಓದುವ ವೇಗ. ಚಿತ್ರ ತೆಗೆಯುವವರಿಗೆ ಮುಖ್ಯವಾದುದು ಬರೆಯುವ ವೇಗ. ಅದನ್ನು ಹೇಳುವುದು ಸಣ್ಣ ಗುರುತುಗಳು. ‘ಸಿ’ ಅಕ್ಷರದೊಳಗಿನ 10, ‘ಯು’ ಅಕ್ಷರದೊಳಗಿನ 1, ಇವೆರಡರ ಅರ್ಥವೂ ಸೆಕೆಂಡಿಗೆ ಕಡೆಯ ಪಕ್ಷ 10 ಮೆಗಾಬೈಟು ಎಂದು. ‘ಯು’ ಒಳಗಿನ 3 ಎಂದರೆ 30 ಮೆಗಾಬೈಟು. ‘ವಿ30’, ‘ವಿ60’, ‘ವಿ90’ ಎಂಬಲ್ಲಿ ಅಂಕೆಯೇ ವೇಗ. ಸೆಕೆಂಡಿಗೆ 100 ಮೆಗಾಬಿಟ್ಟಿನ ಚಲಚ್ಚಿತ್ರಕ್ಕೆ ಬೇಕಾಗುವುದು 12.5 ಮೆಗಾಬೈಟು ಮಾತ್ರ, ಏಕೆಂದರೆ ಎಂಟು ಬಿಟ್ಟು ಸೇರಿ ಒಂದು ಬೈಟು. ಅದಕ್ಕೆ ‘ವಿ30’ ಧಾರಾಳವಾಗಿ ಸಾಕು. ಹಾರುವ ಹಕ್ಕಿಯನ್ನು ಎಡೆಬಿಡದೆ ಸೆರೆಹಿಡಿಯುವವರಿಗೆ ಹೆಚ್ಚಿನ ವೇಗ ಬೇಕಾದೀತು. ವೇಗ ಹೆಚ್ಚಿದ ಮಾತ್ರಕ್ಕೆ ಭದ್ರತೆ ಹೆಚ್ಚುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

ಬಳಕೆಯ ನಿಯಮಗಳು

ಒಳ್ಳೆಯ ಕಾರ್ಡೂ ನಮ್ಮ ಅಜಾಗ್ರತೆಯಿಂದ ಕೆಡಬಹುದು. ಕ್ಯಾಮರಾದ ಕೆಂಪುದೀಪ ಮಿನುಗುತ್ತಿರುವಾಗ ಕಾರ್ಡನ್ನಾಗಲಿ ಬ್ಯಾಟರಿಯನ್ನಾಗಲಿ ತೆಗೆದರೆ, ಬರೆಯುತ್ತಿರುವ ಶಾನುಭೋಗನ ಕೈಯಿಂದ ಖಿರ್ದಿಯನ್ನು ಕಿತ್ತುಕೊಂಡಂತೆ. ಒಂದು ಚಿತ್ರವಲ್ಲ, ಇಡೀ ಲೆಕ್ಕವೇ ಕೆಡಬಹುದು. ಚಿತ್ರಗಳನ್ನು ಬೇರೆಡೆಗೆ ಸಾಗಿಸಿದ ಮೇಲೆ ಒಂದೊಂದಾಗಿ ಅಳಿಸುವ ಬದಲು ಕ್ಯಾಮರಾದಲ್ಲಿಯೇ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು ಮೇಲು. ಆಕಸ್ಮಿಕವಾಗಿ ಅಳಿಸಿಬಿಟ್ಟರೆ ಆ ಕಾರ್ಡಿನಲ್ಲಿ ಮತ್ತೆ ಒಂದು ಚಿತ್ರವನ್ನೂ ತೆಗೆಯಬಾರದು. ಅನೇಕ ವೇಳೆ ಅಳಿದಿರುವುದು ಹೆಸರಿನ ಪಟ್ಟಿ ಮಾತ್ರ. ಚಿತ್ರ ಇನ್ನೂ ಕೋಶಗಳಲ್ಲಿದ್ದು, ಫೋಟೊರೆಕ್‌ನಂಥ ತಂತ್ರಾಂಶದಿಂದ ಮರಳಿ ದೊರೆಯುವ ಸಂಭವವಿದೆ. ಆದರೆ ಬರೆಯಲ್ಪಡದೆಯೇ ಹೋದದ್ದನ್ನು ಯಾವ ತಂತ್ರಾಂಶವೂ ತರಲಾರದು. ಮಿತ್ರರಿಗೆ ನಾವು ಹೇಳಬೇಕಾಗಿ ಬಂದ ಕಠಿನವಾದ ಮಾತು ಇದೇ.

ದೊಡ್ಡದೊಂದು ಕಾರ್ಡೋ, ಸಣ್ಣವು ನಾಲ್ಕೋ? ಸಣ್ಣವು ನಾಲ್ಕಾದರೆ ಒಂದು ಕೆಟ್ಟರೂ ಮೂರು ಪಾಲು ಉಳಿಯುತ್ತದೆ. ಆದರೆ ಬದಲಿಸುವಾಗ ಕಳೆದುಹೋಗುವ ಭಯವುಂಟು. ಎರಡು ಕಾರ್ಡುಗಳಿಗೆ ಸ್ಥಳವಿರುವ ಕ್ಯಾಮರಾದಲ್ಲಿ ಪ್ರತಿಯೊಂದು ಚಿತ್ರವನ್ನೂ ಎರಡರಲ್ಲಿಯೂ ಬರೆಯುವಂತೆ ಏರ್ಪಡಿಸುವುದು ಎಲ್ಲಕ್ಕಿಂತ ಉತ್ತಮ. ಅಂದಿನ ಚಿತ್ರಗಳನ್ನು ಅಂದು ರಾತ್ರಿಯೇ ಕಂಪ್ಯೂಟರಿಗೆ ಸಾಗಿಸಿ, ತೆರೆದು ನೋಡಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಪ್ರಚಾರಕ್ಕೆ ತಂದ ಸೂತ್ರವೊಂದಿದೆ: ಪ್ರತಿಗಳು ಮೂರು, ಸಾಧನಗಳ ಬಗೆ ಎರಡು, ಮನೆಯ ಹೊರಗೆ ಒಂದು.

ಕಾರ್ಡು ಚಿತ್ರಗಳ ಸ್ವಂತ ಮನೆಯಲ್ಲ. ದಾರಿಯಲ್ಲಿ ಒಂದಿರುಳು ತಂಗುವ ಧರ್ಮಶಾಲೆ. ಭದ್ರವಾದ ಧರ್ಮಶಾಲೆಯನ್ನು ಆರಿಸಿಕೊಳ್ಳೋಣ, ಒಳಹೊಗುವ ಮುನ್ನ ಬಾಗಿಲು ಚಿಲಕಗಳನ್ನು ಪರೀಕ್ಷಿಸೋಣ. ಆದರೆ ಅಲ್ಲಿಯೇ ಬಿಡಾರ ಹೂಡುವುದು ಬೇಡ. ನಮ್ಮ ಮಿತ್ರರ ಮನೆಯ ಗೋಡೆಯ ಮೇಲೆ ಇಂದು ಒಂದು ಚಿತ್ರ ತೂಗುತ್ತಿದೆ. ಆರತಿಯ ಬೆಳಕಿನಲ್ಲಿ ಅಜ್ಜ ನಗುತ್ತಿದ್ದಾರೆ. ಚಿತ್ರ ತುಸು ಮಸುಕು, ಅಂಚಿನಲ್ಲಿ ಯಾರದೋ ಭುಜ ಅಡ್ಡ ಬಂದಿದೆ. ದೂರದ ನೆಂಟರ ಹುಡುಗನೊಬ್ಬ ತನ್ನ ಫೋನಿನಲ್ಲಿ ಸುಮ್ಮನೆ ತೆಗೆದುಕೊಂಡಿದ್ದುದು. ಎರಡನೆಯ ಪ್ರತಿಯ ಬೆಲೆ ಏನೆಂಬುದನ್ನು ಆ ಮನೆಯವರಿಗೆ ಇನ್ನು ಯಾರೂ ಹೇಳಬೇಕಾಗಿಲ್ಲ.