ಭೂಗತ ಇಂಧನ ಟ್ಯಾಂಕುಗಳ ತೆರವಿನಲ್ಲಿ ಕಾರ್ಮಿಕರ ಸುರಕ್ಷತೆ

ಪೆಟ್ರೋಲ್ ಬಂಕು, ಕಾರ್ಖಾನೆ ಮೊದಲಾದ ಕಡೆ ನೆಲದಡಿ ಹೂಳಿರುವ ಇಂಧನ ಟ್ಯಾಂಕುಗಳನ್ನು ಬಳಕೆ ಮುಗಿದ ಬಳಿಕ ಅಗೆದು ಹೊರತೆಗೆಯುವ ಕೆಲಸದಲ್ಲಿ ಬೆಂಕಿ, ಸ್ಫೋಟ, ಉಸಿರುಗಟ್ಟುವಿಕೆ, ವಿಷಬಾಧೆ ಮತ್ತು ಮಣ್ಣುಕುಸಿತದ ಅಪಾಯಗಳಿವೆ. ಇಂಧನ ತುಂಬಿದ ಟ್ಯಾಂಕಿಗಿಂತ ಖಾಲಿ ಮಾಡಿದ ಟ್ಯಾಂಕ್ ಹೆಚ್ಚು ಅಪಾಯಕಾರಿ ಎಂಬುದು ಈ ಕೆಲಸದ ಸುರಕ್ಷತಾ ಕ್ರಮಗಳಿಗೆ ಮೂಲಾಧಾರವಾಗಿದೆ.

ಹಿನ್ನೆಲೆ

ರಕ್ಷಣಾ ಲೇಪನವಿಲ್ಲದ ಉಕ್ಕಿನ ಟ್ಯಾಂಕುಗಳು ಮಣ್ಣಿನಲ್ಲಿ ತುಕ್ಕು ಹಿಡಿದು ಸೋರುತ್ತವೆ. ಸೋರಿದ ಇಂಧನ ಅಂತರ್ಜಲವನ್ನು ಸೇರುತ್ತದೆ. ಇದನ್ನು ತಡೆಯಲು ಅಮೆರಿಕ ಸಂಯುಕ್ತ ಸಂಸ್ಥಾನದ ಸಂಸತ್ತು 1984ರಲ್ಲಿ ಕಾನೂನು ರೂಪಿಸಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 1988ರಲ್ಲಿ ಹೊರಡಿಸಿದ ನಿಯಮಗಳು, ಹಳೆಯ ಟ್ಯಾಂಕುಗಳನ್ನು 1998ರ ಡಿಸೆಂಬರ್ 22ರೊಳಗೆ ಸುಧಾರಿಸಬೇಕು, ಬದಲಾಯಿಸಬೇಕು ಅಥವಾ ಮುಚ್ಚಬೇಕು ಎಂದು ವಿಧಿಸಿದವು. ಅಂದಿನಿಂದ ಆ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಟ್ಯಾಂಕುಗಳು ಮುಚ್ಚಲ್ಪಟ್ಟಿವೆ.

ಬೆಂಕಿ ಮತ್ತು ಸ್ಫೋಟ

ಗಾಳಿಯಲ್ಲಿ ಪೆಟ್ರೋಲ್ ಆವಿಯ ಪ್ರಮಾಣ ಸುಮಾರು ಶೇ. 1.4ರಿಂದ ಶೇ. 7.6ರ ನಡುವೆ ಇದ್ದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಹೆಚ್ಚು ಎಡೆಯಿರುವುದಿಲ್ಲ. ಇಂಧನವನ್ನು ಹೊರತೆಗೆದಂತೆ ಗಾಳಿ ಒಳನುಗ್ಗಿ ಆವಿಯೊಡನೆ ಬೆರೆಯುತ್ತದೆ. ತಳದ ಕೆಸರು ಹಾಗೂ ತುಕ್ಕಿನ ಪದರಗಳಲ್ಲಿ ಉಳಿದ ಇಂಧನವೂ ಆವಿಯಾಗುತ್ತಲೇ ಇರುವುದರಿಂದ ಬೆಳಿಗ್ಗೆ ಸುರಕ್ಷಿತವೆನಿಸಿದ ಟ್ಯಾಂಕ್ ಮಧ್ಯಾಹ್ನದ ವೇಳೆಗೆ ಅಪಾಯಕಾರಿಯಾಗಬಹುದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಅಗೆದ ಗುಂಡಿಯ ತಳದಲ್ಲಿ ಶೇಖರವಾಗುತ್ತದೆ. ಬೀಡಿಯ ಕಿಡಿ, ಲೋಹಗಳ ಘರ್ಷಣೆ, ಸ್ಥಿರ ವಿದ್ಯುತ್ತು ಇವುಗಳಲ್ಲಿ ಯಾವುದಾದರೂ ಸ್ಫೋಟಕ್ಕೆ ಕಾರಣವಾಗಬಹುದು.

ಆವಿಯ ನಿವಾರಣೆ

ಉಳಿದ ಇಂಧನ ಹಾಗೂ ಕೆಸರನ್ನು ಕಿಡಿ ಹಾರದ ಪಂಪುಗಳಿಂದ ಹೊರತೆಗೆದ ನಂತರ ಎರಡು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದು, ಗಾಳಿ ಹಾಯಿಸಿ ಆವಿಯನ್ನು ಹೊರಹಾಕುವುದು. ಎರಡನೆಯದು, ಆಮ್ಲಜನಕವನ್ನು ಹೊರದೂಡಿ ಉರಿಯುವಿಕೆಯನ್ನೇ ಅಸಾಧ್ಯಗೊಳಿಸುವುದು. ಇದಕ್ಕೆ ಸಾರಜನಕ ಅಥವಾ ಡ್ರೈ ಐಸ್ ಎನ್ನುವ ಘನ ಇಂಗಾಲದ ಡೈಆಕ್ಸೈಡನ್ನು ಬಳಸುತ್ತಾರೆ. ರೂಢಿಯ ಪ್ರಮಾಣ 1000 ಲೀಟರ್ ಸಾಮರ್ಥ್ಯಕ್ಕೆ ಸುಮಾರು 1.8 ಕಿಲೋಗ್ರಾಂ ಡ್ರೈ ಐಸ್.

ಎರಡನೆಯ ವಿಧಾನದಲ್ಲಿ ಇಂಧನದ ಆವಿ ಟ್ಯಾಂಕಿನಲ್ಲೇ ಉಳಿದಿರುತ್ತದೆ. ಗಾಳಿ ಮತ್ತೆ ಒಳಸೇರಿದರೆ ಸ್ಫೋಟದ ಅಪಾಯ ಮರಳುತ್ತದೆ. ಅಲ್ಲದೆ ಬೆಂಕಿಯನ್ನು ತಡೆಯುವ ಆ ಅನಿಲವೇ ಮನುಷ್ಯನ ಉಸಿರನ್ನೂ ಕಟ್ಟಿಸಬಲ್ಲದು.

ಅನಿಲದ ಅಳತೆ

ಸುಡುವ ಅನಿಲವನ್ನು ಅಳೆಯುವ ಸಾಮಾನ್ಯ ಮಾಪಕಗಳು ಕೆಲಸ ಮಾಡಲು ಆಮ್ಲಜನಕ ಬೇಕು. ಆದ್ದರಿಂದ ಡ್ರೈ ಐಸ್ ಹಾಕಿದ ಟ್ಯಾಂಕಿನಲ್ಲಿ ಅವು ಆವಿಯಿದ್ದರೂ ಕಡಿಮೆ ಅಂಕಿ ತೋರಿಸಬಹುದು. ಹೀಗಾಗಿ ಮೊದಲು ಆಮ್ಲಜನಕವನ್ನು ಅಳೆಯಬೇಕು. ಗಾಳಿ ಹಾಯಿಸಿದ ಟ್ಯಾಂಕಿನ ತಳ, ನಡು ಮತ್ತು ಮೇಲ್ಭಾಗಗಳಲ್ಲಿ ಅಳತೆ ಮಾಡಿ, ಆವಿಯು ಹೊತ್ತಿಕೊಳ್ಳುವ ಕನಿಷ್ಠ ಪ್ರಮಾಣದ ಶೇ. 20ಕ್ಕಿಂತ ಕಡಿಮೆಯಿದೆ ಎಂದು ಖಚಿತಪಡಿಸಿಕೊಂಡ ನಂತರವೇ ಅದನ್ನು ಮೇಲೆತ್ತುವುದು ಅಮೆರಿಕದ ಪೆಟ್ರೋಲಿಯಂ ಉದ್ಯಮದ ಪದ್ಧತಿ.

ಅಗೆತ ಮತ್ತು ಎತ್ತುವಿಕೆ

ಅಮೆರಿಕದ ನಿಯಮದಂತೆ 1.5 ಮೀಟರ್ ಅಥವಾ ಅದಕ್ಕಿಂತ ಆಳವಾದ ಕಂದಕಗಳಿಗೆ ಆಸರೆ ಅಥವಾ ಇಳಿಜಾರು ಇರಬೇಕು. ಅಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 60 ಸೆಂಟಿಮೀಟರ್ ದೂರದಲ್ಲಿ ಹಾಕಬೇಕು. ಮೇಲೆತ್ತಿದ ಟ್ಯಾಂಕ್ ಉರುಳದಂತೆ ಅಡೆ ಕೊಡುತ್ತಾರೆ. ರಂಧ್ರಗಳನ್ನು ಮುಚ್ಚುವಾಗ ಒತ್ತಡ ಹೆಚ್ಚದಂತೆ ಸುಮಾರು 3 ಮಿಲಿಮೀಟರಿನ ಒಂದು ರಂಧ್ರವನ್ನು ತೆರೆದಿಡುತ್ತಾರೆ.

ಆರೋಗ್ಯದ ಮೇಲಿನ ಪರಿಣಾಮ

ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅಮೆರಿಕದಲ್ಲಿ ಎಂಟು ಗಂಟೆಗಳ ಕೆಲಸಕ್ಕೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಬೆಂಜೀನ್ ಸರಾಸರಿ 1 ಭಾಗವನ್ನು ಮೀರುವಂತಿಲ್ಲ. ಸೀಸಯುಕ್ತ ಪೆಟ್ರೋಲ್ ಬಳಕೆಯಲ್ಲಿದ್ದ ಕಾಲದ ಟ್ಯಾಂಕುಗಳ ಕೆಸರಿನಲ್ಲಿ ಚರ್ಮದ ಮೂಲಕವೂ ದೇಹ ಸೇರಬಲ್ಲ ಸೀಸದ ಸಂಯುಕ್ತಗಳು ಇರಬಹುದು. ಆದುದರಿಂದ ಇಂಧನಕ್ಕೆ ಕರಗದ ಕೈಗವಸು, ಬೂಟು ಮತ್ತು ಸೂಕ್ತ ಉಸಿರಾಟದ ಸಾಧನ ಅವಶ್ಯಕ.

ಟ್ಯಾಂಕಿನೊಳಗೆ ಪ್ರವೇಶ

ಸಾಧ್ಯವಾದಷ್ಟೂ ಯಾರೂ ಟ್ಯಾಂಕಿನೊಳಗೆ ಇಳಿಯದಂತೆ ಕೆಲಸವನ್ನು ಯೋಜಿಸಬೇಕು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿರುವ ಗಾಳಿಯನ್ನು ಅಪಾಯಕಾರಿ ಎಂದು ಪರಿಗಣಿಸಲಾಗುತ್ತದೆ. ಇಂತಹ ಇಕ್ಕಟ್ಟಾದ ಸ್ಥಳಗಳಲ್ಲಿ ಸತ್ತವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಇತರರನ್ನು ರಕ್ಷಿಸಲು ಹೋದವರೇ ಎಂದು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1986ರಲ್ಲಿ ತಿಳಿಸಿತು. ಸಹೋದ್ಯೋಗಿ ಕುಸಿದುಬಿದ್ದಾಗ ಬರಿಗೈಯಲ್ಲಿ ಒಳಗೆ ಧುಮುಕದೆ, ಹೊರಗಿನಿಂದಲೇ ಹಗ್ಗದ ಮೂಲಕ ಮೇಲೆಳೆಯುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಬೇಕು.

ಭಾರತದಲ್ಲಿ

ಭಾರತದಲ್ಲಿ ಪೆಟ್ರೋಲಿಯಂ ಸಂಗ್ರಹಣೆಗೆ 1934ರ ಪೆಟ್ರೋಲಿಯಂ ಕಾಯಿದೆ ಹಾಗೂ 2002ರ ನಿಯಮಗಳು ಅನ್ವಯಿಸುತ್ತವೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯು ಇವುಗಳ ಜಾರಿಯನ್ನು ನೋಡಿಕೊಳ್ಳುತ್ತದೆ. ಸುಡುವ ವಸ್ತು ಇದ್ದ ಟ್ಯಾಂಕನ್ನು, ಆ ವಸ್ತುವನ್ನೂ ಅದರ ಆವಿಯನ್ನೂ ನಿವಾರಿಸದೆ ಅಥವಾ ನಿರಪಾಯಗೊಳಿಸದೆ, ಬೆಸುಗೆಗೆ ಅಥವಾ ಶಾಖದಿಂದ ಕತ್ತರಿಸುವ ಕೆಲಸಕ್ಕೆ ಒಳಪಡಿಸಬಾರದೆಂಬ ನಿಯಮವನ್ನು 1948ರ ಕಾರ್ಖಾನೆಗಳ ಕಾಯಿದೆಯ 37ನೆಯ ಸೆಕ್ಷನ್ ವಿಧಿಸಿತು. ಹೊರತೆಗೆದ ಟ್ಯಾಂಕ್ ಗುಜರಿ ಅಂಗಡಿಗೆ ಸೇರಿದ ಮೇಲೂ ಈ ಎಚ್ಚರಿಕೆ ಅಗತ್ಯ. ಗ್ಯಾಸ್ ಕಟರ್ ತಾಗಿದಾಗ ತುಕ್ಕಿನಲ್ಲಿ ಉಳಿದ ಇಂಧನ ಮತ್ತೆ ಆವಿಯಾಗಿ ಸ್ಫೋಟಗೊಳ್ಳಬಹುದು.