ತೊದಲು ನುಡಿಯ ವ್ಯಾಕರಣ

ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದ್ದು ಹದಿಮೂರನೆಯ ಶತಮಾನದಲ್ಲಿ. ಅದನ್ನು ಓದಿ ಅರ್ಥಮಾಡಿಕೊಳ್ಳಲು ನಮ್ಮ ಪದವಿ ತರಗತಿಯ ವಿದ್ಯಾರ್ಥಿಗಳು ವರ್ಷಗಟ್ಟಲೆ ತಿಣುಕುತ್ತಾರೆ. ಆಮೇಲೂ ಸಂಧಿಪ್ರಕರಣವೆಂದರೆ ಅವರಲ್ಲಿ ಅನೇಕರ ಮುಖ ಬಾಡುತ್ತದೆ. ಆದರೆ ಗುರುವಿಲ್ಲದೆ, ಗ್ರಂಥವಿಲ್ಲದೆ, ಪರೀಕ್ಷೆಯ ಭಯವಿಲ್ಲದೆ, ತೊಟ್ಟಿಲ ಕೂಸೊಂದು ನಾಲ್ಕು ವರ್ಷ ತುಂಬುವುದರೊಳಗೆ ಕನ್ನಡದ ವಿಭಕ್ತಿಗಳನ್ನೂ ಕಾಲಭೇದಗಳನ್ನೂ ಬಹುಮಟ್ಟಿಗೆ ವಶಪಡಿಸಿಕೊಂಡಿರುತ್ತದೆ. ‘ಮರಕ್ಕೆ’ ಎನ್ನಬೇಕು, ‘ಮನೆಗೆ’ ಎನ್ನಬೇಕು, ‘ಕಾಡಿಗೆ’ ಎನ್ನಬೇಕು. ಒಂದೇ ಚತುರ್ಥಿಗೆ ಈ ಮೂರು ರೂಪಗಳೇಕೆ ಎಂದು ಕೇಳಿದರೆ ದೊಡ್ಡವರೇ ತಡವರಿಸುತ್ತಾರೆ. ಮಗು ತಡವರಿಸುವುದಿಲ್ಲ. ಈ ಸೋಜಿಗವನ್ನು ನಾವು ದಿನನಿತ್ಯ ಕಾಣುವುದರಿಂದಲೇ ಅದು ಸೋಜಿಗವೆಂದು ನಮಗೆ ತೋರುವುದಿಲ್ಲ.

ನುಡಿಯ ಪಾಠ ಹುಟ್ಟಿಗೆ ಮೊದಲೇ ಆರಂಭವಾಗಿರುತ್ತದೆ. ಗರ್ಭವಾಸದ ಕೊನೆಯ ತಿಂಗಳುಗಳಲ್ಲಿ ಶಿಶುವಿಗೆ ತಾಯಿಯ ದನಿ ಕೇಳಿಸುತ್ತದೆ. ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸವು; ಮಾತಿನ ಏರಿಳಿತ, ಲಯ, ನಿಲುಗಡೆಗಳು ಮಾತ್ರ ನೀರಿನೊಳಗಿಂದ ಬಂದಂತೆ ತಲುಪುತ್ತವೆ. ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು 1980ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಹುಟ್ಟಿ ಮೂರು ದಿನವೂ ಆಗದ ಕೂಸುಗಳ ಬಾಯಿಗೆ ಹಾಲಿಲ್ಲದ ರಬ್ಬರಿನ ತೊಟ್ಟನ್ನು ಕೊಡಲಾಗಿತ್ತು. ಒಂದು ಬಗೆಯಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ಬಗೆಯಲ್ಲಿ ಚೀಪಿದರೆ ಬೇರೊಬ್ಬ ಹೆಂಗಸಿನ ದನಿ. ಕೂಸುಗಳು ತಾಯಿಯ ದನಿ ಬರುವಂತೆ ತಮ್ಮ ಚೀಪುವಿಕೆಯನ್ನು ಹೊಂದಿಸಿಕೊಂಡವು. ಕಣ್ಣು ಇನ್ನೂ ಸರಿಯಾಗಿ ನಿಲುಕದ ಜೀವಕ್ಕೆ ಕಿವಿಯ ಗುರುತು ಆಗಲೇ ಇದೆಯೆಂದಾಯಿತು.

ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ; ಅದು ಕನ್ನಡಿಗರಿಗೆ ವಿಶೇಷವಾಗಿ ರುಚಿಸತಕ್ಕದ್ದು. ನಮ್ಮ ನುಡಿಯಲ್ಲಿ ‘ಕತ್ತು’ ಬೇರೆ, ‘ಕಟ್ಟು’ ಬೇರೆ. ದಂತ್ಯವಾದ ತಕಾರಕ್ಕೂ ಮೂರ್ಧನ್ಯವಾದ ಟಕಾರಕ್ಕೂ ಇರುವ ಅಂತರ ನಮಗೆ ಹಗಲು ಇರುಳಿನಷ್ಟು ಸ್ಪಷ್ಟ. ಇಂಗ್ಲಿಷರಿಗೆ ಎರಡೂ ಒಂದೇ. ಕನ್ನಡ ಕಲಿಯಹೊರಟ ಪರದೇಶಿಯರನ್ನು ಈ ಅಕ್ಷರಗಳು ಗೋಳಾಡಿಸುವುದನ್ನು ಕೇಳಿದವರೇ ಬಲ್ಲರು. ಕೆನಡದಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು ಹಿಂದಿಯ ಇದೇ ತಕಾರ ಟಕಾರಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿ ನೋಡಿದರು. 1984ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿದೆ: ಆರೆಂಟು ತಿಂಗಳ ಕೂಸುಗಳು, ಹಿಂದಿಯ ಒಂದು ಮಾತನ್ನೂ ಕೇಳದಿದ್ದವು, ಎರಡು ಧ್ವನಿಗಳ ಭೇದವನ್ನು ಸಲೀಸಾಗಿ ಗ್ರಹಿಸಿದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಪಾಲು ಉಡುಗಿಹೋಗಿತ್ತು. ಹುಟ್ಟುವಾಗ ಮಗು ಜಗತ್ತಿನ ಎಲ್ಲ ನುಡಿಗಳ ನಾಗರಿಕ. ವರ್ಷ ತುಂಬುವಾಗ ಒಂದು ಮನೆಯ ಸದಸ್ಯ. ಬೆಳವಣಿಗೆಯೆಂದರೆ ಬರಿಯ ಗಳಿಕೆಯೆಂದು ತಿಳಿದಿರುವ ನಮಗೆ, ಅದರಲ್ಲಿ ಇಂಥ ತ್ಯಾಗವೂ ಸೇರಿದೆಯೆಂಬುದು ಮೊದಲಿಗೆ ಒಪ್ಪಿಗೆಯಾಗದು. ಆದರೆ ಬೇಡದ ಭೇದಗಳನ್ನು ಕೈಬಿಟ್ಟಾಗಲೇ ಬೇಕಾದ ಭೇದಗಳು ಹರಿತಗೊಳ್ಳುವುದು. ಕನ್ನಡದ ಕೂಸು ‘ಬಳೆ’ಗೂ ‘ಬಾಳೆ’ಗೂ ಇರುವ ಹ್ರಸ್ವ ದೀರ್ಘಗಳ ಅಂತರವನ್ನು ಬಿಡದೆ ಹಿಡಿಯಬೇಕಷ್ಟೆ!

ಕಿವಿ ಇಷ್ಟು ಮುಂದಿದ್ದರೂ ಬಾಯಿ ಹಿಂದೆಯೇ ಉಳಿದಿರುತ್ತದೆ. ಅದಕ್ಕೆ ದೇಹರಚನೆಯೇ ಕಾರಣ. ನವಜಾತ ಶಿಶುವಿನ ಧ್ವನಿಪೆಟ್ಟಿಗೆ ಗಂಟಲಿನಲ್ಲಿ ಬಹು ಮೇಲಿರುತ್ತದೆ. ಮೊಲೆಯುಣ್ಣಲು ಅದು ಅನುಕೂಲ, ಮಾತಿಗೆ ಪ್ರತಿಕೂಲ. ಮುಂದಿನ ವರ್ಷಗಳಲ್ಲಿ ಅದು ಕೆಳಗಿಳಿದು, ನಾಲಗೆಗೆ ಆಡಲು ಎಡೆ ದೊರೆಯುತ್ತದೆ. ಆರು ತಿಂಗಳಿಂದೀಚೆಗೆ, ಕೂಸು ಬೋರಲು ಬಿದ್ದು, ಕುಳಿತು, ಅಂಬೆಗಾಲಿಡುವ ದಿನಗಳಲ್ಲಿ, ‘ಬಬಬ’ ‘ದದದ’ ಎಂಬ ಅಕ್ಷರಮಾಲೆ ಹೊರಡುತ್ತದೆ. ಹೊಸ್ತಿಲು ದಾಟಿದ ದಿನ ಸಿಹಿ ಹಂಚುವ ಮನೆಗಳುಂಟು. ಮೊದಲ ‘ಬಬಬ’ಕ್ಕೆ ಯಾರೂ ಸಿಹಿ ಹಂಚಿದ್ದನ್ನು ನಾನು ಕಂಡಿಲ್ಲ. ಹಂಚಬೇಕಾದದ್ದು ಎಂದೇ ನನ್ನ ಅಭಿಪ್ರಾಯ. ಏಕೆಂದರೆ ವ್ಯಂಜನವೂ ಸ್ವರವೂ ಕೂಡಿದ ಕಾಗುಣಿತ ಅಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ.

ರೋಮನ್ ಯಾಕೋಬ್ಸನ್ ಎಂಬ ಪ್ರಸಿದ್ಧ ಭಾಷಾವಿಜ್ಞಾನಿಯು ‘ಮಾಮಾ’, ‘ಪಾಪಾ’ ಎಂಬ ಪದಗಳು ಸಂಬಂಧವಿಲ್ಲದ ನುಡಿಗಳಲ್ಲಿಯೂ ಏಕೆ ಕಾಣುತ್ತವೆಂದು ವಿಚಾರಮಾಡಿದನು. ತುಟಿಗಳೆರಡೂ ಎದೆಗೊತ್ತಿಕೊಂಡು ಬಾಯಿ ತುಂಬಿರುವಾಗ ಮೂಗಿನಿಂದ ಹೊರಡಬಲ್ಲ ದನಿ ಮಕಾರದ ಗುಂಯ್‌ಗುಟ್ಟುವಿಕೆಯೊಂದೇ. ಅದೇ ಕ್ರಮೇಣ ಹಾಲಿನ ಬಯಕೆಗೂ ಹಾಲೀಯುವವಳಿಗೂ ಗುರುತಾಗುತ್ತದೆ ಎಂಬುದು ಅವನ ಊಹೆ. ನಮ್ಮ ‘ಅಮ್ಮ’ ಈ ಮಾತಿಗೆ ಒಳ್ಳೆಯ ಸಾಕ್ಷಿ. ಆದರೆ ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ತಾಯಿ ‘ದೇದಾ’. ನಮ್ಮಲ್ಲಿ ‘ಮಾಮ’ ಎಂದರೆ ಸೋದರಮಾವ. ಧ್ವನಿಯನ್ನು ಕೊಡುವುದು ದೇಹ. ಆ ಧ್ವನಿಯನ್ನು ಯಾರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುವುದು ಸಮಾಜ.

ಇಲ್ಲಿ ಚಾರ್ಲ್ಸ್ ಡಾರ್ವಿನ್ನನನ್ನು ನೆನೆಯದೆ ಮುಂದುವರಿಯುವಂತಿಲ್ಲ. ಅವನ ಮೊದಲ ಮಗ ಹುಟ್ಟಿದ್ದು 1839ರಲ್ಲಿ. ಆ ಕೂಸಿನ ಸೀನು, ನಗು, ಸಿಟ್ಟು, ಭಯಗಳನ್ನೆಲ್ಲ ಅವನು ಟಿಪ್ಪಣಿ ಮಾಡಿಟ್ಟು, ಮೂವತ್ತೇಳು ವರ್ಷಗಳ ಮೇಲೆ, 1877ರಲ್ಲಿ, ಒಂದು ಲೇಖನವಾಗಿ ಪ್ರಕಟಿಸಿದನು. ಸರಿಯಾಗಿ ಒಂದು ವರ್ಷದ ಪ್ರಾಯದಲ್ಲಿ ಆ ಮಗು ಆಹಾರಕ್ಕೆ ತನ್ನದೇ ಒಂದು ಹೆಸರನ್ನು ಕಟ್ಟಿತಂತೆ: ‘ಮಮ್’. ಓದುಗರಿಗೆ ಈಗ ನಗು ಬಂದಿರಬೇಕು. ನಮ್ಮ ಮನೆಗಳಲ್ಲಿ ಅಜ್ಜಿಯರು ಅನ್ನವನ್ನು ಕಲಸಿ, ಚಂದಮಾಮನನ್ನು ತೋರಿಸಿ, ‘ಮಮ್ಮು ತಿನ್ನು’ ಎಂದು ಕರೆಯುತ್ತ ಬಂದಿಲ್ಲವೆ? ಡಾರ್ವಿನ್ನನ ಮಗ ಅಷ್ಟಕ್ಕೇ ನಿಲ್ಲಲಿಲ್ಲ. ಸಕ್ಕರೆಯನ್ನು ‘ಶು-ಮಮ್’ ಎಂದು ಕರೆದನು. ‘ಬ್ಲ್ಯಾಕ್’ ಎಂಬ ಮಾತು ಕಲಿತ ಮೇಲೆ ಜ್ಯೇಷ್ಠಮಧುವಿನ ಕರಿಯ ಮಿಠಾಯಿಗೆ ‘ಬ್ಲ್ಯಾಕ್-ಶು-ಮಮ್’ ಎಂದು ನಾಮಕರಣ ಮಾಡಿದನು. ಕರಿ-ಸಕ್ಕರೆ-ಮಮ್ಮು! ತೊದಲು ಬಾಯಲ್ಲಿ ಸಮಾಸವೊಂದು ಸಿದ್ಧವಾಯಿತು. ಗುಣವಾಚಕ ಮೊದಲು, ವಿಶೇಷ್ಯ ಆಮೇಲೆ; ಕ್ರಮವೂ ತಪ್ಪಿಲ್ಲ. ಅರಿಸಮಾಸದ ದೋಷವೂ ಇಲ್ಲವೆನ್ನಬಹುದು, ಎರಡು ಭಾಷೆಗಳ ಪರಿಚಯವೇ ಇಲ್ಲವಾದ್ದರಿಂದ.

ಮಕ್ಕಳ ನುಡಿಯನ್ನು ಅನುಕರಣವೆಂದು ತಳ್ಳಿಹಾಕುವವರು ಅವರ ತಪ್ಪುಗಳನ್ನು ಲಕ್ಷ್ಯವಿಟ್ಟು ಕೇಳಬೇಕು. ನೆರೆಮನೆಯ ಮೂರು ವರ್ಷದ ಹುಡುಗಿಯೊಬ್ಬಳು ‘ಲೋಟ ಬೀಳಿತು’ ಎನ್ನುವುದನ್ನು ಕೇಳಿದ್ದೇನೆ. ಅವಳ ಮನೆಯಲ್ಲಿ ಯಾರೂ ಹಾಗೆ ಹೇಳರು. ಹೇಳಿದ್ದನ್ನು ಅವಳು ಕೇಳಿರಲಾರಳು. ‘ಓಡು’ವಿಗೆ ‘ಓಡಿತು’, ‘ಹಾರು’ವಿಗೆ ‘ಹಾರಿತು’ ಆಗುವುದಾದರೆ ‘ಬೀಳು’ವಿಗೆ ‘ಬೀಳಿತು’ ಏಕಾಗಬಾರದು? ಆಕೆ ಸೂತ್ರವನ್ನು ಕಂಡುಕೊಂಡಿದ್ದಾಳೆ, ಅಪವಾದವನ್ನು ಮಾತ್ರ ಇನ್ನೂ ಕಂಡಿಲ್ಲ. ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಇದನ್ನೇ ಪರೀಕ್ಷೆಗೊಡ್ಡಿದಳು. ಇಲ್ಲದ ಪ್ರಾಣಿಯೊಂದರ ಚಿತ್ರ ಬರೆದು, ಅದಕ್ಕೆ ‘ವಗ್’ ಎಂಬ ಇಲ್ಲದ ಹೆಸರಿಟ್ಟು, ಎರಡನ್ನು ತೋರಿಸಿ ಇವೇನು ಎಂದು ಮಕ್ಕಳನ್ನು ಕೇಳಿದಳು. ಎಂದೂ ಕೇಳದ ಆ ಪದಕ್ಕೆ ಮಕ್ಕಳು ಬಹುವಚನದ ಪ್ರತ್ಯಯವನ್ನು ಸರಿಯಾಗಿ ಹಚ್ಚಿದರು. ಕನ್ನಡದಲ್ಲಿ ಈ ಪರೀಕ್ಷೆಯನ್ನು ಹಾಗೆಯೇ ನಡೆಸುವಂತಿಲ್ಲ. ‘ಎರಡು ಕಾಗೆ’ ಎಂದರೂ ನಮಗೆ ಸಾಕು. ಚತುರ್ಥಿಯನ್ನೋ ಭೂತಕಾಲವನ್ನೋ ಹಿಡಿದು ನಡೆಸಬೇಕು. ಭಾಷಾಶಾಸ್ತ್ರ ಓದುವ ತರುಣರು ಇದನ್ನು ತಮ್ಮ ಮನೆಯ ಅಂಗಳದಲ್ಲಿಯೇ ಮಾಡಿ ನೋಡಬಹುದು. ಖರ್ಚೆಂದರೆ ಒಂದು ಹಾಳೆ, ಒಂದು ಪೆನ್ಸಿಲು.

ಕನ್ನಡದ ಮಕ್ಕಳನ್ನೇ ಕುರಿತ ಸಂಶೋಧನೆ ಇಲ್ಲದಿಲ್ಲ. ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಮೂರು ವರ್ಷದ ಕನ್ನಡ ಮಕ್ಕಳೇ ಆಧಾರ. ನಮ್ಮ ಪ್ರೇರಣಾರ್ಥಕ ‘ಇಸು’ ಪ್ರತ್ಯಯ ಅವರ ವಿಷಯ. ನನ್ನದೇ ಉದಾಹರಣೆ ಕೊಡುವುದಾದರೆ, ‘ಕುದುರೆ ಕುಣಿಯುತ್ತದೆ’. ‘ಮೊಸಳೆ ಕುದುರೆಯನ್ನು ಕುಣಿಸುತ್ತದೆ’. ಎರಡನೆಯದರಲ್ಲಿ ಪ್ರತ್ಯಯವೂ ಹೆಚ್ಚು, ನಾಮಪದವೂ ಹೆಚ್ಚು. ಇವೆರಡನ್ನು ಬೇರ್ಪಡಿಸಿ, ಪ್ರತ್ಯಯವಿದ್ದು ನಾಮಪದವೊಂದೇ ಇರುವ ವಾಕ್ಯಗಳನ್ನೂ, ಎರಡು ನಾಮಪದಗಳಿದ್ದು ಪ್ರತ್ಯಯವಿಲ್ಲದ ವಿಚಿತ್ರ ವಾಕ್ಯಗಳನ್ನೂ ಹೇಳಿ, ಆಟಿಕೆಯ ಪ್ರಾಣಿಗಳಿಂದ ಅವನ್ನು ಆಡಿ ತೋರಿಸಲು ಮಕ್ಕಳಿಗೆ ಹೇಳಲಾಯಿತು. ದೊಡ್ಡವರು ‘ಇಸು’ವಿಗೆ ಬೆಲೆ ಕೊಟ್ಟರು. ಮಕ್ಕಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನಾಮಪದಗಳನ್ನು ಎಣಿಸಿದರು: ಇಬ್ಬರಿದ್ದರೆ ಒಬ್ಬನು ಮಾಡಿಸುವವನು, ಒಬ್ಬನೇ ಇದ್ದರೆ ತಾನೇ ಮಾಡುವವನು. ‘ಇಸು’ ಎಂಬುದು ಪ್ರೇರಣೆಯ ನಿಚ್ಚಳವಾದ ಗುರುತಾಗಿ ಕಿವಿಗೆ ಬೀಳುತ್ತಿದ್ದರೂ, ವಾಕ್ಯದಲ್ಲಿ ಎಷ್ಟು ಮಂದಿ ಇದ್ದಾರೆಂಬುದೇ ಮಗುವಿಗೆ ಮೊದಲ ಆಧಾರ. ಕೇಳಿದ್ದನ್ನು ಒಪ್ಪಿಸುವ ಗಿಣಿಯ ಲಕ್ಷಣವಲ್ಲ ಇದು. ಹುಟ್ಟುಬುದ್ಧಿ ಎಂಬ ನಮ್ಮ ಹಳೆಯ ಮಾತಿಗೆ ಇಲ್ಲಿ ಹೊಸ ಅರ್ಥ ದೊರೆಯುವಂತಿದೆ.

ನುಡಿಯೊಳಗೆ ಮಗುವಿಗೆ ನಾವು ಕೊಟ್ಟಿರುವ ಸ್ಥಾನವೂ ವಿನೋದಕರವಾದದ್ದು. ‘ಮಗು ಅತ್ತಿತು’, ‘ಕೂಸು ನಕ್ಕಿತು’ ಎಂದು ನಪುಂಸಕಲಿಂಗದಲ್ಲಿ ಅದನ್ನು ಇರಿಸಿದ್ದೇವೆ. ಯಾವ ದಿನ ಅದು ‘ಅವನು’ ಅಥವಾ ‘ಅವಳು’ ಆಗಿ ಬಡ್ತಿ ಪಡೆಯುತ್ತದೆಂದು ಹೇಳುವುದು ಕಷ್ಟ. ಹವ್ಯಕ ಕನ್ನಡದಲ್ಲಂತೂ ಹೆಣ್ಣುಮಕ್ಕಳಿಗೆ ಈ ಲಿಂಗವೇ ಮುಂದುವರಿಯುವುದುಂಟು. ಇನ್ನು ಮಗು ತನ್ನನ್ನು ತಾನು ಕರೆದುಕೊಳ್ಳುವುದು ಬಹುಕಾಲ ಹೆಸರಿನಿಂದಲೇ: ‘ಪುಟ್ಟಿಗೆ ಬೇಕು’. ‘ನಾನು’ ಎಂಬುದು ಎಂಥ ತಂಟೆಯ ಪದ! ಅಮ್ಮ ಆಡಿದಾಗ ಅದು ಅಮ್ಮ, ಅಜ್ಜ ಆಡಿದಾಗ ಅಜ್ಜ. ಬಾಯಿಂದ ಬಾಯಿಗೆ ಒಡೆತನ ಬದಲಾಗುವ ಹೆಸರನ್ನು ತನ್ನದಾಗಿಸಿಕೊಳ್ಳಬೇಕಾದರೆ, ತನ್ನಂತೆಯೇ ಇತರರಿಗೂ ಒಂದೊಂದು ಮನಸ್ಸಿದೆಯೆಂಬ ಅರಿವು ಮೊಳೆಯಬೇಕು. ನಮ್ಮ ಕೂಸಿಗೆ ಇದರ ಮೇಲೆ ‘ನೀನು’, ‘ನೀವು’ಗಳ ಮರ್ಯಾದೆ, ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ, ಭಾವಂದಿರ ಬಳಗ. ಬಳಗದ ಹೆಸರುಗಳನ್ನು ಕಲಿಯುವುದೆಂದರೆ ಯಾರ ಮುಂದೆ ಹೇಗಿರಬೇಕೆಂಬುದನ್ನು ಕಲಿಯುವುದೇ ಆಗಿದೆ.

ಇಷ್ಟೆಲ್ಲ ಕಲಿಕೆಗೆ ಒಂದು ನಿಬಂಧನೆಯಿದೆ: ಎದುರಿಗೆ ಮನುಷ್ಯನಿರಬೇಕು. ಪ್ಯಾಟ್ರೀಷಿಯಾ ಕೂಲ್ ಎಂಬಾಕೆ ತನ್ನ ಸಂಗಡಿಗರೊಡನೆ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂಬತ್ತು ತಿಂಗಳ ಅಮೆರಿಕದ ಶಿಶುಗಳೊಡನೆ ಚೀನೀ ಮಾತೃಭಾಷೆಯವರು ಹನ್ನೆರಡು ಸಲ ಕುಳಿತು ಆಡಿ, ಓದಿ, ಮಾತಾಡಿದರು. ಆ ಶಿಶುಗಳು ಚೀನೀ ಧ್ವನಿಭೇದವನ್ನು ಹಿಡಿದವು. ಅದೇ ಮಾತುಗಳನ್ನು ಅದೇ ಜನರಿಂದ ಪರದೆಯ ಮೇಲೆ ಕಂಡು ಕೇಳಿದ ಶಿಶುಗಳಿಗೆ ಏನೂ ದಕ್ಕಲಿಲ್ಲ. ತುತ್ತಿಗೊಂದು ಮೊಬೈಲಿನ ಚಿತ್ರ ತೋರಿಸಿ ಉಣಿಸುವುದು ಇಂದು ನಗರಗಳಲ್ಲಿಯೂ ಹಳ್ಳಿಗಳಲ್ಲಿಯೂ ಪದ್ಧತಿಯಾಗಿದೆ. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗೆ ಮೀರಿ ಪರದೆ ಕೂಡದು, ವರ್ಷದೊಳಗಿನ ಕೂಸಿಗೆ ಅದು ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಚಂದಮಾಮನೂ ಮಾತನಾಡುತ್ತಿರಲಿಲ್ಲ, ನಿಜ; ಅವನನ್ನು ತೋರಿಸುವ ಅಜ್ಜಿ ಮಾತನಾಡುತ್ತಿದ್ದಳು.

ಕಿವಿಯೇ ಕೇಳಿಸದ ಕೂಸಿನ ಪಾಡೇನು? ಈ ಪ್ರಶ್ನೆಯನ್ನು ನಮ್ಮ ಮನೆಗಳು ತಡವಾಗಿ ಕೇಳುತ್ತವೆ. ಶ್ರವಣದೋಷವಿರುವ ಶಿಶುವೂ ಮೊದಲ ತಿಂಗಳುಗಳಲ್ಲಿ ಎಲ್ಲರಂತೆ ಅಳುತ್ತದೆ, ಎಲ್ಲರಂತೆ ಕೇಕೆ ಹಾಕುತ್ತದೆ. ಬಾಗಿಲು ದಢಾರನೆ ಬಡಿದರೆ ನೆಲದ ಅದುರಿಗೆ, ಚಪ್ಪಾಳೆ ತಟ್ಟಿದರೆ ಕೈಯ ನೆರಳಿಗೆ ತಿರುಗುತ್ತದೆ. ‘ಕೇಳಿಸಿತು ನೋಡಿ’ ಎಂದು ಎಲ್ಲರೂ ಸಮಾಧಾನಗೊಳ್ಳುತ್ತಾರೆ. ‘ಬಬಬ’ ಎಂಬ ಅಕ್ಷರಮಾಲೆ ಹೊತ್ತಿಗೆ ಸರಿಯಾಗಿ ಬಾರದಿದ್ದಾಗ ಮಾತ್ರ ವ್ಯತ್ಯಾಸ ಹೊರಬೀಳುತ್ತದೆ. ಅದನ್ನು ಲೆಕ್ಕವಿಡುವವರು ಯಾರು? ‘ಅವರಪ್ಪನಿಗೂ ಮಾತು ತಡವಾಗಿಯೇ ಬಂತು’ ಎನ್ನುತ್ತಾರೆ. ಬಜೆಯ ಬೇರನ್ನು ತೇಯ್ದು ನಾಲಗೆಗೆ ಸವರುತ್ತಾರೆ. ಬಜೆಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ತೊಂದರೆ ನಾಲಗೆಯಲ್ಲಿ ಇಲ್ಲದಿರುವಾಗ ನಾಲಗೆಗೆ ಮಾಡುವ ಉಪಚಾರದಲ್ಲಿ ವರ್ಷಗಳು ಕಳೆದುಹೋಗುತ್ತವೆ, ಅವೂ ಮೇಲೆ ಹೇಳಿದ ಕಲಿಕೆಯೆಲ್ಲ ನಡೆಯಬೇಕಾದ ವರ್ಷಗಳು. ಕ್ರಿಸ್ಟೀನ್ ಯೋಶಿನಾಗ-ಇಟಾನೊ ಅವರ ತಂಡ ಅಮೆರಿಕದ ಕೊಲೊರಾಡೊದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ದೊರೆತ ಮಕ್ಕಳ ನುಡಿ, ತಡವಾಗಿ ಪತ್ತೆಯಾದವರ ನುಡಿಗಿಂತ ಬಹಳ ಮುಂದಿತ್ತು. ಆ ನುಡಿ ಬಾಯಿಯದಾಗಲಿ, ಕೈಸನ್ನೆಯದಾಗಲಿ, ಈ ಅಂತರ ತಪ್ಪಲಿಲ್ಲ.

ಕೈಸನ್ನೆಯೆಂದರೆ ಕೀಳೆಂದು ಭಾವಿಸುವವರು ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ವರದಿ ಮಾಡಿದ ಸಂಗತಿಯನ್ನು ಗಮನಿಸಬೇಕು. ಸನ್ನೆನುಡಿಯ ಮನೆಗಳಲ್ಲಿ ಬೆಳೆಯುವ, ಕೇಳಿಸದ ಕೂಸುಗಳು, ಉಳಿದ ಕೂಸುಗಳು ‘ಬಬಬ’ ಎನ್ನುವ ಪ್ರಾಯದಲ್ಲಿಯೇ ಬೆರಳುಗಳಿಂದ ತೊದಲುತ್ತವೆ. ಅರ್ಥವಿಲ್ಲದ, ಆದರೆ ಸನ್ನೆನುಡಿಯ ಅಕ್ಷರಗಳನ್ನೇ ಹೋಲುವ ಮುದ್ರೆಗಳನ್ನು ಮತ್ತೆ ಮತ್ತೆ ಕಟ್ಟುತ್ತವೆ.

ಪತ್ತೆಮಾಡುವ ಉಪಾಯವೂ ಈಗ ಸುಲಭವಾಗಿದೆ. ಆರೋಗ್ಯವಾದ ಒಳಕಿವಿ ತನಗೆ ಬಂದ ಸದ್ದಿಗೆ ತಾನೂ ಒಂದು ಸೂಕ್ಷ್ಮವಾದ ಮರುದನಿಯನ್ನು ಹೊರಸೂಸುತ್ತದೆಂದು ಡೇವಿಡ್ ಕೆಂಪ್ 1978ರಲ್ಲಿ ತೋರಿಸಿಕೊಟ್ಟನು. ಆ ಮರುದನಿಯನ್ನು ಹಿಡಿಯುವ ಸಣ್ಣ ಉಪಕರಣದಿಂದ ನವಜಾತ ಶಿಶುವನ್ನು ಪರೀಕ್ಷಿಸಬಹುದು. ತಿಂಗಳೊಳಗೆ ಈ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರು ಹಾಕಿಕೊಟ್ಟ ಗಡುವು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಕೆಲಸಕ್ಕೆಂದೇ ಇದೆ. ಮಗುವನ್ನು ಎಬ್ಬಿಸಬೇಕಾಗಿಲ್ಲ; ನಿದ್ರಿಸುತ್ತಿದ್ದರೆ ಇನ್ನೂ ಒಳ್ಳೆಯದು. ತಾಯಿಯ ತೊಡೆಯ ಮೇಲೆಯೇ, ಕೆಲವು ನಿಮಿಷಗಳಲ್ಲಿ, ಒಂದು ಕಿವಿ ಆದಮೇಲೆ ಇನ್ನೊಂದು ಕಿವಿ.